ಶಾಲಾ ವರ್ಷ ಮುಗಿದ ಸಂಜೆಗೆ ಕಡಲತೀರದ ಬೆಂಕಿ: ಹಾಕುವುದು ಹೇಗೆ, ಆರಿಸುವುದು ಹೇಗೆ

ಶಾಲೆಯ ವರ್ಷ ಮುಗಿದ ಖುಷಿಗೆ ಮನೆಮಂದಿಯೆಲ್ಲ ಕಡಲತೀರದಲ್ಲಿ ಬೆಂಕಿ ಹಾಕಿ ಕೂರುವುದಾದರೆ, ಯೋಜನೆಯನ್ನು ಕೊನೆಯಿಂದ ಶುರು ಮಾಡಿ. ಹೊತ್ತಿಸಲು ಹತ್ತು ನಿಮಿಷ ಸಾಕು, ಪೂರ್ತಿ ಆರಿಸಲು ಅರ್ಧ ಗಂಟೆ ಬೇಕು. ಆರಿತೆಂದುಕೊಂಡು ಮರಳು ಮುಚ್ಚಿ ಹೋದ ಕೆಂಡದ ಮೇಲೆ ಕಾಲಿಟ್ಟು ಅಂಗಾಲು ಸುಟ್ಟುಕೊಳ್ಳುವ ಮಕ್ಕಳು ಬಹಳ.

ಆ ತೀರದಲ್ಲಿ ಬೆಂಕಿಗೆ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಕಡಲಾಮೆಗಳು ಮೊಟ್ಟೆಯಿಡುವ ಜಾಗವಾದರೆ ಆ ಋತುವಿನಲ್ಲಿ ಬೇಡವೇ ಬೇಡ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನತ್ತ ತೆವಳುತ್ತವೆ. ಬೆಂಕಿ ಕಂಡರೆ ಕಡಲಿನ ದಾರಿ ತಪ್ಪುತ್ತದೆ.

ಜಾಗ ಮತ್ತು ಗುಂಡಿ

ಅಲೆ ತಂದುಹಾಕಿದ ಪಾಚಿ, ಕಸಕಡ್ಡಿಯ ಗೆರೆ ಮರಳಿನ ಮೇಲೆ ಕಾಣುತ್ತದಲ್ಲ, ಹಿಂದಿನ ಭರತ ಬಂದು ನಿಂತದ್ದು ಅಲ್ಲಿಗೆ. ಅದಕ್ಕಿಂತ ಕೆಲವು ಮೀಟರ್ ಮೇಲೆ, ಒಣಹುಲ್ಲು, ಮರ, ದೋಣಿ, ಬಲೆಗಳಿಂದ ಕನಿಷ್ಠ 10 ಮೀಟರ್ ದೂರದಲ್ಲಿ ಜಾಗ ಹಿಡಿಯಿರಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಇನ್ನೂ ಮೇಲೇರುತ್ತದೆ. ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿಯಾಗುತ್ತ ನೆಲದಿಂದ ಕಡಲಿಗೆ ತಿರುಗುವುದುಂಟು. ಸಂಜೆ ಗಾಳಿ ನೋಡಿ ಚಾಪೆ ಹಾಸಿದವರ ಮುಖಕ್ಕೇ ಆಮೇಲೆ ಹೊಗೆ ನುಗ್ಗುವುದು ಇದೇ ಕಾರಣಕ್ಕೆ. ಆದ್ದರಿಂದ ಪಕ್ಕಕ್ಕೆ ಸರಿದು ಕೂರಲು ಜಾಗ ಉಳಿಸಿಕೊಳ್ಳಿ. ಗಾಳಿ ಮರಳನ್ನೇ ಎಬ್ಬಿಸುತ್ತಿದ್ದರೆ ಆ ದಿನ ಬೆಂಕಿ ಬೇಡ.

ಸುಮಾರು 90 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಗುಂಡಿ ತೋಡಿ. ಸುತ್ತ ಕಲ್ಲು ಜೋಡಿಸುವುದಾದರೆ ನೀರಲ್ಲಿ ಮುಳುಗಿದ್ದ ಕಲ್ಲು ಬೇಡ. ಒಳಗಿನ ತೇವ ಆವಿಯಾಗಿ ಸಿಡಿಯಬಹುದು. ಗುಂಡಿಯ ಅಂಚಿನಿಂದ 2 ಮೀಟರ್ ಬಿಟ್ಟು ಮರಳಲ್ಲಿ ಒಂದು ಸುತ್ತು ಗೆರೆ ಎಳೆಯಿರಿ. ಮಕ್ಕಳು ಆ ಗೆರೆ ದಾಟುವಂತಿಲ್ಲ, ಓಡಾಟದ ಆಟವೆಲ್ಲ ಇನ್ನೂ ಆಚೆ.

ಸೌದೆ

ಎರಡು ಗಂಟೆಯ ಚಿಕ್ಕ ಬೆಂಕಿಗೆ ಮುಂಗೈ ದಪ್ಪ, ಮೊಳದುದ್ದದ 15–20 ತುಂಡು ಒಣ ಸೌದೆ, ಹೆಬ್ಬೆರಳು ದಪ್ಪದ ಎರಡು ಹಿಡಿ ಕಡ್ಡಿ, ಪೆನ್ಸಿಲ್‌ಗಿಂತ ತೆಳ್ಳನೆಯ ಒಂದು ಬೊಗಸೆ ಪುರಲೆ ಸಾಕು. ಒಂದಕ್ಕೊಂದು ಬಡಿದರೆ ಠಣ್ಣೆನ್ನುವ ಸೌದೆ ಒಣಗಿದೆ. ಮಂಕು ಸದ್ದು ಬಂದರೆ ಹೊಗೆಯೇ ಗತಿ. ದಡಕ್ಕೆ ತೇಲಿ ಬಂದ ಮರ ಉಪ್ಪು ಹೀರಿಕೊಂಡಿರುತ್ತದೆ, ಅದರ ಹೊಗೆ ವಿಷಕಾರಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಕೂಡ ಹಾಗೆಯೇ. ಮೊಳೆಯಿರುವ ಪೆಟ್ಟಿಗೆ ಮರ ಉರಿದುಹೋದರೂ ಮೊಳೆ ಮರಳಲ್ಲಿ ಉಳಿದು ಬರಿಗಾಲಿಗೆ ಚುಚ್ಚುತ್ತದೆ.

ಹಳೆಯ ನೋಟ್‌ಬುಕ್ ಸುಡುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಇಡೀ ಪುಸ್ತಕ ಹಾಕಿದರೆ ಹಾಳೆಗಳ ನಡುವೆ ಗಾಳಿಯಾಡದೆ ಅಂಚು ಮಾತ್ರ ಕರಕಲಾಗುತ್ತದೆ. ಬಿಡಿ ಹಾಳೆ ಹಾಕಿದರೆ ಬಿಸಿಗಾಳಿಗೆ ಉರಿಯುತ್ತಲೇ ಮೇಲೆದ್ದು ಹಾರುತ್ತದೆ. ಪ್ಲಾಸ್ಟಿಕ್ ರಕ್ಷಾಪುಟ, ಪಿನ್ನು ತೆಗೆದು, ನಾಲ್ಕೈದು ಹಾಳೆ ಮಾತ್ರ ಹರಿದು, ಉಂಡೆ ಮಾಡಿ ಪುರಲೆಯ ಅಡಿಗೆ ಇಡಿಸಿ. ಖಾಲಿ ಹಾಳೆಗಳನ್ನು ಸುಡಬೇಡಿ, ಮುಂದಿನ ವರ್ಷಕ್ಕೆ ರಫ್ ಪುಸ್ತಕವಾಗುತ್ತವೆ.

ಹೊತ್ತಿಸುವುದು

ಕಾಗದದ ಉಂಡೆಗಳ ಮೇಲೆ ಪುರಲೆಯನ್ನು ಗೋಪುರದಂತೆ ನಿಲ್ಲಿಸಿ, ಗಾಳಿ ಬರುವ ಕಡೆ ಅದಕ್ಕೊಂದು ಕಿಂಡಿ ಬಿಡಿ. ಅಲ್ಲಿಂದಲೇ ಬೆಂಕಿಕಡ್ಡಿ ಗೀರಿ ಹಚ್ಚಿ. ಪುರಲೆ ಚೆನ್ನಾಗಿ ಹೊತ್ತಿದ ಮೇಲೆ ಕಡ್ಡಿ, ಕಡ್ಡಿ ಹಿಡಿದ ಮೇಲೆ ಸೌದೆ, ಒಮ್ಮೆಗೆ ಎರಡೇ ತುಂಡು. ಅವಸರಪಟ್ಟು ಮೇಲೆ ಹೇರಿದರೆ ಗಾಳಿ ಕಟ್ಟಿ ಬೆಂಕಿ ಸಾಯುತ್ತದೆ. ಆಗ ಪೆಟ್ರೋಲ್, ಸ್ಪಿರಿಟ್ ಸುರಿಯುವ ಕೆಲಸ ಯಾರೂ ಮಾಡಬಾರದು: ಅದರ ಆವಿ ಸುತ್ತ ಹರಡಿ, ಒಮ್ಮೆಲೇ ಭುಗ್ಗೆಂದು ಸುರಿದವರನ್ನೇ ಹಿಡಿಯುತ್ತದೆ.

ಜ್ವಾಲೆ ಸೊಂಟದೆತ್ತರ ಮೀರದಿರಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಮಕ್ಕಳಿಗೆ ಹತ್ತಿಯದೇ ತೊಡಿಸಿ. ಒಬ್ಬ ಹಿರಿಯರು ಬೆಂಕಿಯ ಬಳಿಯೇ ಇರಬೇಕು, ಏಳುವ ಮುನ್ನ ಇನ್ನೊಬ್ಬರಿಗೆ ಹೇಳಿಯೇ ಏಳಬೇಕು.

ಸುಟ್ಟ ಗಾಯವಾದರೆ 20 ನಿಮಿಷ ತಣ್ಣೀರು ಹರಿಸಿ. ಇದಕ್ಕೆಂದೇ ಒಂದು ಕ್ಯಾನ್ ಶುದ್ಧ ನೀರು ಒಯ್ಯಿರಿ. ಐಸ್, ಟೂತ್‌ಪೇಸ್ಟ್, ತುಪ್ಪ ಹಚ್ಚಬೇಡಿ. ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಿ.

ಆರಿಸುವುದು

ಹೊರಡುವ ಒಂದು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ. ಮರಳು ಮುಚ್ಚಿದರೆ ಬೆಳಕು ಹೋಗುತ್ತದೆ, ಬಿಸಿ ಹೋಗುವುದಿಲ್ಲ. ಒಳಗಿನ ಕೆಂಡ ಗಂಟೆಗಟ್ಟಲೆ ಸುಡುವಷ್ಟು ಬಿಸಿಯಾಗಿಯೇ ಇರುತ್ತದೆ. ನೀರೇ ಬೇಕು. ಹತ್ತು ಲೀಟರಿನ ನಾಲ್ಕು ಬಕೆಟ್ ಕಡಲ ನೀರನ್ನು ಬೆಂಕಿ ಹಚ್ಚುವ ಮೊದಲೇ ತುಂಬಿಡಿ. ಬಿಸಿ ಆವಿ ಏಳುವುದರಿಂದ ಗಾಳಿ ಬರುವ ಕಡೆ ನಿಂತು, ದೂರದಿಂದ ನಿಧಾನಕ್ಕೆ ಸುರಿಯಿರಿ. ಕಬ್ಬಿಣದ ಸಲಿಕೆಯಿಂದ ತಳದ ಮರಳಿನವರೆಗೂ ಕೆದಕಿ, ಮತ್ತೆ ಸುರಿಯಿರಿ. ಚುಯ್ ಎನ್ನುವ ಸದ್ದು, ಆವಿ ಎರಡೂ ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ. ಶಾಖ ತಟ್ಟಿದರೆ ಇನ್ನೊಂದು ಬಕೆಟ್. ತಣ್ಣಗಾದ ಇದ್ದಿಲನ್ನು ಬಕೆಟ್ಟಿಗೆ ತುಂಬಿಕೊಂಡು, ಗುಂಡಿಯನ್ನು ಮರಳಿನಿಂದ ಸಮ ಮಾಡಿ ಹೊರಡಿ.