ಒಲೆಯ ಮುಂದಿನ ಮೂರು ತಾಸು: ಉಸಿರಿಗೆ ಸೇರುವ ಹೊಗೆಯನ್ನು ಲೆಕ್ಕ ಹಾಕುವುದು ಹೇಗೆ?

ಶಿರಸಿ ಸೀಮೆಯ ತೋಟದ ಮನೆಯೊಂದರ ಅಂಗಳದಲ್ಲಿ ಗಾಳಿಯನ್ನು ಅಳೆದರೆ ಸೂಕ್ಷ್ಮ ಕಣಗಳ ಪ್ರಮಾಣ ಕಡಿಮೆಯೇ ಕಂಡೀತು. ಅದೇ ಹೊತ್ತಿಗೆ ಒಳಗೆ ಕಟ್ಟಿಗೆ ಒಲೆಯ ಮುಂದೆ ಕುಳಿತು ಊದುಗೊಳವೆ ಊದುವವರ ಶ್ವಾಸಕ್ಕೆ ಸೇರುವುದು ಬೇರೆಯೇ ಗಾಳಿ. ಊರಿನ ಗಾಳಿ ಹೇಗಿದೆ ಎಂಬುದಕ್ಕಿಂತ ಒಬ್ಬ ವ್ಯಕ್ತಿ ಯಾವ ಗಾಳಿಯಲ್ಲಿ ಎಷ್ಟು ಹೊತ್ತು ಇದ್ದರು ಎಂಬುದನ್ನು ಲೆಕ್ಕ ಹಾಕುವುದೇ ಇಲ್ಲಿ ವಿವರಿಸುವ ಲೆಕ್ಕದ ಮಾದರಿಯ ಕೆಲಸ. ಅದಕ್ಕೆ ಮನೆಯ ಕಂಪ್ಯೂಟರಿನ ಎಕ್ಸೆಲ್ ಹಾಳೆ ಸಾಕು. ಇಲ್ಲಿ ಕೊಟ್ಟ ಅಳತೆಗಳು ಉದಾಹರಣೆಗೆಂದು ಊಹಿಸಿಕೊಂಡವು. ನಿಮ್ಮ ಮನೆಯವನ್ನು ನೀವೇ ತುಂಬಬೇಕು.

ಮೊದಲು ದಿನಚರಿ ಬರೆಯಿರಿ. 24 ತಾಸು ಎಲ್ಲೆಲ್ಲಿ ಕಳೆಯಿತು ಎಂಬುದನ್ನು ಆ ವ್ಯಕ್ತಿಯನ್ನೇ ಕೇಳಿ ಬರೆಯಬೇಕು. ಮನೆಯ ಗಂಡಸರು ಅಂದಾಜಿನಲ್ಲಿ ಹೇಳಿದರೆ ಅಡುಗೆಮನೆಯ ಹೊತ್ತು ಯಾವಾಗಲೂ ಕಡಿಮೆಯಾಗಿಬಿಡುತ್ತದೆ. ಉದಾಹರಣೆಗೆ ಒಲೆಯ ಬಳಿ 3 ತಾಸು, ಮನೆಯ ಉಳಿದ ಭಾಗದಲ್ಲಿ 14, ತೋಟ ಮತ್ತು ಕೊಟ್ಟಿಗೆಯಲ್ಲಿ 6, ಪೇಟೆಗೆ ಹೋಗಿಬರುವ ಬಸ್ಸಿನಲ್ಲಿ 1. ಬಚ್ಚಲ ಒಲೆಗೆ ಉರಿ ಹಾಕುವವರು ಅದಕ್ಕೊಂದು ಸಾಲು ಸೇರಿಸಬೇಕು. ಕೊನೆಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆಯೂ ಸೇರುವುದರಿಂದ ಆ ದಿನಗಳಿಗೆ ಪ್ರತ್ಯೇಕ ಹಾಳೆಯನ್ನೇ ಮಾಡಬೇಕಾಗುತ್ತದೆ.

ಎರಡನೆಯದಾಗಿ, ಪ್ರತಿ ಜಾಗದ ಗಾಳಿಯಲ್ಲಿ ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು, ಎಷ್ಟಿವೆ ಎಂದು ಕಂಡುಕೊಳ್ಳಬೇಕು. ಅಡುಗೆಮನೆಯನ್ನು ಒಂದು ಪೆಟ್ಟಿಗೆಯೆಂದು ಭಾವಿಸಿ. ಅದು 4 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರವಿದ್ದರೆ ಒಳಗಿನ ಗಾಳಿ 30 ಘನ ಮೀಟರ್. ಬೆಳಕಿಂಡಿ, ಬಾಗಿಲು ಮತ್ತು ಹೆಂಚಿನ ಸಂದುಗಳಿಂದ ಈ ಗಾಳಿ ತಾಸಿಗೆ 20 ಸಲ ಬದಲಾಗುತ್ತದೆ ಎಂದಿಟ್ಟುಕೊಳ್ಳೋಣ. ಒಲೆಯಿಂದ ತಾಸಿಗೆ 0.3 ಗ್ರಾಂ, ಅಂದರೆ 3,00,000 ಮೈಕ್ರೋಗ್ರಾಂ ಕಣಗಳು ಕೋಣೆಗೆ ಸೇರಿದರೆ, ಅದನ್ನು 30 ಮತ್ತು 20ರ ಗುಣಲಬ್ಧವಾದ 600ರಿಂದ ಭಾಗಿಸಿದಾಗ ಘನ ಮೀಟರಿಗೆ 500 ಮೈಕ್ರೋಗ್ರಾಂ ಸಿಗುತ್ತದೆ. ಇಷ್ಟು ಗಾಳಿಯಾಡುವ ಕೋಣೆಯಲ್ಲಿ ಒಲೆ ಹೊತ್ತಿಸಿ ಸುಮಾರು 10 ನಿಮಿಷದೊಳಗೇ ಈ ಮಟ್ಟದ ಹತ್ತಿರ ಬಂದಿರುತ್ತದೆ. ಬಾಗಿಲು ಮುಚ್ಚಿದ ಮಲಗುವ ಕೋಣೆಗಾದರೆ ಕಣಗಳು ನೆಲ, ಗೋಡೆಗಳಿಗೆ ಅಂಟಿ ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನೆಯ ಉಳಿದ ಭಾಗಕ್ಕೆ 40, ತೋಟಕ್ಕೆ 20, ಬಸ್ಸಿಗೆ 60 ಎಂದಿಟ್ಟುಕೊಂಡು, ಪ್ರತಿ ಜಾಗದ ಮಟ್ಟವನ್ನು ಅಲ್ಲಿ ಕಳೆದ ತಾಸುಗಳಿಂದ ಗುಣಿಸಿ ಕೂಡಿಸಿ. 1500, 560, 120, 60 ಸೇರಿ 2240. ಅದನ್ನು 24ರಿಂದ ಭಾಗಿಸಿದರೆ ದಿನದ ಸರಾಸರಿ ಸುಮಾರು 93. ದಿನದ ಮೂರು ತಾಸು ಮಾತ್ರ ಒಟ್ಟು ಮೊತ್ತದ ಮೂರನೆಯ ಎರಡು ಪಾಲನ್ನು ತಂದಿದೆ. ಭಾರತದಲ್ಲಿ ಹೊರಗಿನ ಗಾಳಿಗೆ 2009ರಲ್ಲಿ ನಿಗದಿಯಾದ 24 ತಾಸಿನ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15.

ಒಳಗೆ ಎಳೆದುಕೊಂಡ ಪ್ರಮಾಣ ಬೇಕಿದ್ದರೆ ಉಸಿರಾಟದ ವೇಗವನ್ನೂ ಸೇರಿಸಬೇಕು. ವಯಸ್ಕರು ನಿದ್ದೆಯಲ್ಲಿ ತಾಸಿಗೆ ಸುಮಾರು 0.3 ಘನ ಮೀಟರ್, ಹಗುರ ಕೆಲಸದಲ್ಲಿ 0.7, ಮೈಮುರಿದು ದುಡಿಯುವಾಗ 1.6 ಅಥವಾ ಅದಕ್ಕೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಆ ಮೂರು ತಾಸಿಗೆ 500, 0.7 ಮತ್ತು 3ನ್ನು ಗುಣಿಸಿದರೆ 1050 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂಗೂ ತುಸು ಹೆಚ್ಚು. ಮಕ್ಕಳು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುವುದರಿಂದ, ತಾಯಿಯ ಪಕ್ಕದಲ್ಲಿ ಆಡುವ ಕೂಸಿಗೂ ಒಂದು ಹಾಳೆ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಮಾದರಿ ನಿಜವಾಗಿ ಉಪಯೋಗಕ್ಕೆ ಬರುವುದು ಬದಲಾವಣೆಗಳನ್ನು ಕಾಗದದ ಮೇಲೆಯೇ ಪರೀಕ್ಷಿಸುವಾಗ. ಕಿಟಕಿ ತೆರೆದು ಗಾಳಿಯಾಟವನ್ನು ಎರಡು ಪಟ್ಟು ಮಾಡಿದರೆ ಅಡುಗೆಮನೆಯ ಮಟ್ಟ 250ಕ್ಕೆ ಇಳಿದರೂ ದಿನದ ಸರಾಸರಿ 62ರಲ್ಲೇ ನಿಲ್ಲುತ್ತದೆ. ಅದರ ಬದಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತಹ ಹೊಗೆಕೊಳವೆಯ ಒಲೆಯಿಂದ ಕೋಣೆಗೆ ಬೀಳುವ ಹೊಗೆ ಕಾಲು ಭಾಗಕ್ಕೆ ಇಳಿಯಿತೆಂದು ಭಾವಿಸಿದರೆ ಸರಾಸರಿ ಸುಮಾರು 46 ಆಗುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಈ ಲೆಕ್ಕ ನಡೆಯದು.

ಹಸಿ ಕಟ್ಟಿಗೆ, ಒಣ ಕಟ್ಟಿಗೆ, ಬೀಸುವ ಗಾಳಿ ದಿನದಿನಕ್ಕೆ ಬೇರೆಯಾಗುವುದರಿಂದ ಒಂದೇ ಉತ್ತರವನ್ನು ನಂಬಬಾರದು. ಪ್ರತಿ ಅಳತೆಗೂ ಕನಿಷ್ಠ ಮತ್ತು ಗರಿಷ್ಠ ಬೆಲೆ ಕೊಟ್ಟು, ಅವುಗಳ ನಡುವೆ ಯಾದೃಚ್ಛಿಕವಾಗಿ ಆರಿಸುತ್ತ ಸಾವಿರ ಸಲ ಲೆಕ್ಕ ಮಾಡಿಸಿದರೆ ಉತ್ತರ ಎಷ್ಟರಿಂದ ಎಷ್ಟರವರೆಗೆ ಹರಡಿದೆ ಎಂಬುದು ಕಾಣುತ್ತದೆ. ಇದಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರು.

ಕಾರವಾರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಮನೆಗೆ ಲೆಕ್ಕ ಹಾಕುವವರು ಹೊರಗಿನ ಗಾಳಿಗೆ ಹಗಲು, ರಾತ್ರಿ ಎಂದು ಎರಡು ಸಾಲು ಇಡಬೇಕು. ಹಗಲು ಕಡಲ ಗಾಳಿ ವಾಹನಗಳ ಹೊಗೆಯನ್ನು ಗುಡ್ಡದ ಕಡೆಗೆ ತಳ್ಳಿದರೆ, ರಾತ್ರಿ ನೆಲದ ಗಾಳಿ ಕಡಲಿನತ್ತ ತಿರುಗುತ್ತದೆ. ಅಗ್ಗದ ಸೆನ್ಸರ್ ಇಟ್ಟು ಉತ್ತರವನ್ನು ತಾಳೆ ನೋಡುವಾಗ ತೇವಾಂಶವನ್ನೂ ಬರೆದಿಡಿ. ತೇವಾಂಶ ಶೇ. 75 ದಾಟಿದರೆ ಕಡಲ ಉಪ್ಪಿನ ಕಣಗಳು ನೀರು ಹೀರಿ ಉಬ್ಬುತ್ತವೆ. ಬೆಳಕಿನ ಚದುರುವಿಕೆಯಿಂದ ಅಳೆಯುವ ಸೆನ್ಸರ್ ಆಗ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆದ್ದರಿಂದ ತಾಳೆ ನೋಡಲು ಒಣ ಹವೆಯ ಮಧ್ಯಾಹ್ನವನ್ನು ಆರಿಸಿ, ಸೆನ್ಸರನ್ನು ಅಡುಗೆ ಮಾಡುವವರ ಮೂಗಿನ ಎತ್ತರದಲ್ಲಿಡಿ.