ಸಂಬಳವಿಲ್ಲದ ಸುವಾರ್ತಿಕನ ಕೆಲಸ: ನನ್ನ ಅನುಭವ

ಗದಗ ಜಿಲ್ಲೆಯ ಹಳ್ಳಿಗಳಲ್ಲಿರುವ ಚಿಕ್ಕ ಚಿಕ್ಕ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಗಳಲ್ಲಿ ನಾನು ಬಹುಕಾಲದಿಂದ ಸುವಾರ್ತಿಕನಾಗಿ, ಅಂದರೆ ಯೇಸುವಿನ ಸುವಾರ್ತೆಯನ್ನು ಸಾರುವವನಾಗಿ, ಸೇವೆ ಮಾಡುತ್ತಿದ್ದೇನೆ. ಹೊಟ್ಟೆಪಾಡಿಗೆ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರಗಳೂ ವಾರದ ಕೆಲವು ಸಂಜೆಗಳೂ ಸಭೆಗೆ ಮೀಸಲು. ದೇವಶಾಸ್ತ್ರದ ಪದವಿ ನನಗಿಲ್ಲ, ಗುರುದೀಕ್ಷೆಯೂ ಆಗಿಲ್ಲ. ನಮ್ಮಂಥವರನ್ನು ಲೇ ಪ್ರೀಚರ್ ಎಂದು ಕರೆಯುವ ರೂಢಿಯೂ ಇದೆ. ಈ ಸೇವೆಗೆ ಹೊಸದಾಗಿ ಬರುವ ತರುಣರು ಪ್ರಸಂಗ (ಆರಾಧನೆಯಲ್ಲಿ ಕೊಡುವ ಉಪದೇಶ) ಮಾಡುವುದು ಹೇಗೆಂದು ನನ್ನನ್ನು ಕೇಳುತ್ತಾರೆ. ನಾನಾದರೋ, ಯಾವ ಯಾವ ಕೆಲಸಗಳು ನಮ್ಮವಲ್ಲ ಎಂಬುದರಿಂದ ಪಾಠ ಆರಂಭಿಸುತ್ತೇನೆ. ತನ್ನ ಎಲ್ಲೆ ಎಲ್ಲಿದೆಯೆಂದು ತಿಳಿದಿರುವುದೇ ಸುವಾರ್ತಿಕನಿಗೆ ಬೇಕಾದ ಮೊದಲನೆಯ ಗುಣವೆಂಬುದು ನನ್ನ ತಿಳಿವಳಿಕೆ.

ಗುರುದೀಕ್ಷೆ ಪಡೆದ ಒಬ್ಬ ಸಭಾಪಾಲಕರ (ಪಾಸ್ಟರ್) ಕೈಕೆಳಗೆ ಹಲವು ಹಳ್ಳಿಗಳ ಸಭೆಗಳಿರುವುದರಿಂದ ಅವರು ಒಂದೊಂದು ಹಳ್ಳಿಗೂ ತಿಂಗಳಿಗೊಮ್ಮೆ ಬಂದು ಕರ್ತನ ಭೋಜನವನ್ನು (ರೊಟ್ಟಿ, ದ್ರಾಕ್ಷಾರಸಗಳ ಸಂಸ್ಕಾರ) ನಡೆಸಿಕೊಡುತ್ತಾರೆ. ಉಳಿದ ಭಾನುವಾರಗಳ ಆರಾಧನೆ, ಮನೆ ಪ್ರಾರ್ಥನೆ, ರೋಗಿಗಳ ಭೇಟಿ, ಭಾನುವಾರದ ಶಾಲೆಯ ಮೇಲ್ವಿಚಾರಣೆ ನಮ್ಮ ಪಾಲಿನವು. ಸಾವು ಯಾರ ವೇಳಾಪಟ್ಟಿಯನ್ನೂ ನೋಡುವುದಿಲ್ಲವಾದ್ದರಿಂದ, ಸಭಾಪಾಲಕರು ದೂರದಲ್ಲಿದ್ದಾಗ ಫೋನಿನಲ್ಲಿ ಅವರ ಅನುಮತಿ ಪಡೆದು ಸಮಾಧಿ ಕ್ರಮವನ್ನೂ ಓದುತ್ತೇವೆ. ಕರ್ತನ ಭೋಜನ ಮತ್ತು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾತ್ರ ನಮ್ಮ ಕೈಯವಲ್ಲ. ಮದುವೆಯನ್ನಂತೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಅಧಿಕಾರ ಪಡೆದವರೇ ನಡೆಸಬೇಕು. ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈಯೆತ್ತಿ ಆಶೀರ್ವದಿಸುವ ಜಾಗದಲ್ಲಿ ನಾನು ಕೈಕಟ್ಟಿ ನಿಂತು, ಕರ್ತನ ಕೃಪೆ ನಮ್ಮೆಲ್ಲರೊಂದಿಗೆ ಇರಲೆಂದು ಸಭೆಯವರ ಜೊತೆಗೂಡಿ ಬೇಡಿಕೊಳ್ಳುತ್ತೇನೆ.

ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಸುವಾರ್ತಿಕನೆಂಬ ಹೆಸರನ್ನು ಪಡೆದಿರುವ ಫಿಲಿಪ್ಪನು ಐಥಿಯೋಪ್ಯದ ಅಧಿಕಾರಿಗೆ ದೀಕ್ಷಾಸ್ನಾನ ಕೊಟ್ಟನಲ್ಲವೇ ಎಂದು ತರುಣರು ವಾದಿಸುವುದುಂಟು. ಕೊಟ್ಟದ್ದು ನಿಜ. ಇಂದಿನ ನಮ್ಮ ಸಭೆಯ ಕ್ರಮ ಬೇರೆ, ಅದನ್ನು ಒಪ್ಪಿಕೊಂಡೇ ನಾವು ಈ ಸೇವೆಗೆ ಬಂದಿದ್ದೇವೆ ಎಂಬುದಷ್ಟೇ ನನ್ನ ಉತ್ತರ. ಫಿಲಿಪ್ಪನ ಕಥೆಯಲ್ಲಿ ನನ್ನ ಗಮನ ನಿಲ್ಲುವುದು ಅದಕ್ಕೂ ಮೊದಲಿನ ಸಂಗತಿಯ ಮೇಲೆ. ಯೆರೂಸಲೇಮಿನ ವಿಧವೆಯರಿಗೆ ದಿನದ ಆಹಾರವನ್ನು ಹಂಚುವಾಗ ತಾರತಮ್ಯವಾಗುತ್ತಿದೆಯೆಂಬ ಗೊಣಗಾಟ ಎದ್ದಾಗ, ಅದನ್ನು ಸರಿಪಡಿಸಲು ಆರಿಸಿದ ಏಳು ಜನರಲ್ಲಿ ಅವನೂ ಒಬ್ಬ. ಆ ಏಳು ಜನರು ಒಳ್ಳೆಯ ಹೆಸರುಳ್ಳವರೂ ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆಗಿರಬೇಕೆಂದು ಅಪೊಸ್ತಲರು ಗೊತ್ತುಮಾಡಿದ್ದರು. ವಾಕ್ಚಾತುರ್ಯದ ಮಾತು ಅಲ್ಲಿ ಬರುವುದಿಲ್ಲ. ಕಾಳುಕಡ್ಡಿಯನ್ನು ಪಕ್ಷಪಾತವಿಲ್ಲದೆ ಹಂಚಿದವನೇ ಮುಂದೆ ಗಾಜಾದ ದಾರಿಯಲ್ಲಿ, ಓದುತ್ತ ಕುಳಿತಿದ್ದ ಆ ಐಥಿಯೋಪ್ಯದ ಅಧಿಕಾರಿಯ ರಥದ ಬಳಿಗೆ ಓಡಿಹೋದನು. ಲೆಕ್ಕ ಬರೆಯುವ ನನಗೆ ಇದರಿಂದ ಸ್ವಲ್ಪ ಸಮಾಧಾನ ಸಿಕ್ಕಿದೆಯೆಂದರೆ ಓದುಗರು ನಗಬಾರದು.

ನಮ್ಮ ಭಾಗದಲ್ಲಿಯೂ ಈ ಸೇವೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರೆಂದು ಎಲ್ಲರೂ ಬರೆಯುತ್ತಾರೆ. ಅವರ ಜೊತೆಗೆ ಹಳ್ಳಿ ಹಳ್ಳಿ ಸುತ್ತಿದ, ಊರ ಮಾತನ್ನು ಬಲ್ಲ ಉಪದೇಶಿಗಳ ಹೆಸರುಗಳು ಅಷ್ಟಾಗಿ ಕಾಣಸಿಗುವುದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಕಳುಹಿಸಿದಾಗ, ಸಭೆಗಳ ಭಾರವನ್ನು ಹೊತ್ತವರಲ್ಲಿ ಇಲ್ಲಿನ ಪಾಲಕರ ಜೊತೆಗೆ ಈ ಉಪದೇಶಿಗಳೂ ಇದ್ದರು. ಅವರಿಗೆ ಮಿಷನ್ನಿನಿಂದ ಸಂಬಳವಿತ್ತು, ನಮಗೆ ಇಲ್ಲ. ಇಲ್ಲದಿರುವುದೇ ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಅನ್ನಕ್ಕಾಗಿ ಬೇರೆಡೆ ದುಡಿಯುವವನು ಸಭೆಯ ಹಿರಿಯರ ಮುಖ ನೋಡಿ ಪ್ರಸಂಗವನ್ನು ತಿದ್ದಬೇಕಾಗಿಲ್ಲ.

ಪ್ರಸಂಗದ ವಿಷಯಕ್ಕೆ ಬರುತ್ತೇನೆ. ಪ್ರತಿ ಭಾನುವಾರಕ್ಕೆ ಸತ್ಯವೇದದ (ಬೈಬಲ್) ಹಳೆಯ ಒಡಂಬಡಿಕೆ, ಅಪೊಸ್ತಲರು ಬರೆದ ಪತ್ರಿಕೆ, ಸುವಾರ್ತೆ ಮತ್ತು ಕೀರ್ತನೆಯ ವಾಚನಗಳನ್ನು ಸಭೆಯೇ ಗೊತ್ತುಮಾಡಿ ಕೊಡುತ್ತದೆ. ನನಗಿಷ್ಟವಾದ ಭಾಗವನ್ನೇ ಮತ್ತೆ ಮತ್ತೆ ಹೇಳುವ ಚಪಲಕ್ಕೆ ಇದು ಒಳ್ಳೆಯ ಕಡಿವಾಣ. ಸೋಮವಾರವೇ ನಾಲ್ಕನ್ನೂ ಓದಿ, ಒಂದನ್ನು ಆರಿಸಿಕೊಂಡು, ಅದರ ಹಿಂದಿನ ಮುಂದಿನ ಅಧ್ಯಾಯಗಳನ್ನು ವಾರವಿಡೀ ಬಸ್ಸಿನಲ್ಲಿ ಓದುತ್ತಿರುತ್ತೇನೆ. ಶನಿವಾರ ರಾತ್ರಿ ಒಂದು ಹಾಳೆಯ ಒಂದೇ ಮಗ್ಗುಲಿನಲ್ಲಿ ಟಿಪ್ಪಣಿ ಬರೆಯುತ್ತೇನೆ. ಅಲ್ಲಿ ಹಿಡಿಸದಿರುವುದನ್ನು ಹೇಳುವುದಿಲ್ಲ. ಸತ್ಯವೇದದ ಹಳೆಯ ಭಾಷಾಂತರದ ಭಾಷೆ ಗಂಭೀರವಾಗಿದೆ, ಹಿರಿಯರಿಗೆ ಅದು ಬಾಯಿಪಾಠವಾಗಿದೆ. ಆದ್ದರಿಂದ ವಾಚನವನ್ನು ಅದರಲ್ಲಿಯೇ ಓದಿ, ವಿವರಣೆಯನ್ನು ನಮ್ಮ ಗದಗಿನ ಆಡುಮಾತಿನಲ್ಲಿ ಹೇಳುತ್ತೇನೆ. ಕೇಳುವವರಲ್ಲಿ ಹೆಚ್ಚಿನವರು ವಾರವೆಲ್ಲ ಉಳ್ಳಾಗಡ್ಡಿ ಕಿತ್ತು, ಮೆಣಸಿನಕಾಯಿ ಬಿಡಿಸಿ ದಣಿದ ಹೆಣ್ಣುಮಕ್ಕಳು. ಕಾಲು ಗಂಟೆಯ ಮೇಲೆ ಮಾತನಾಡಿದರೆ ಅವರ ಕಣ್ಣು ಮುಚ್ಚುತ್ತವೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಈಗ ಮೊಬೈಲ್ ನೋಡಿ ಪ್ರಸಂಗ ಮಾಡಲು ಕಲಿತವರು ಹಳ್ಳಿಯ ಪುಟ್ಟ ದೇವಾಲಯದಲ್ಲಿಯೂ ಮೈಕು ಹಿಡಿದು ಗಂಟಲು ಹರಿಯುವಂತೆ ಕೂಗುತ್ತಾರೆ. ಮೂವತ್ತು ಜನ ಕುಳಿತ ಕೋಣೆಗೆ ಮೈಕು ಏಕೆ ಬೇಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಹಾಡಿನ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಭಜನೆ ಮತ್ತು ತತ್ವಪದಗಳ ನಾಡಿನಲ್ಲಿ ಹಾರ್ಮೋನಿಯಂ, ತಬಲಾ, ತಾಳ ಇಲ್ಲದ ಊರು ಅಪರೂಪ. ನಿಘಂಟಿನಿಂದ ಎಲ್ಲರಿಗೂ ಪರಿಚಿತರಾದ ಕಿಟೆಲರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಸುವಾರ್ತಿಕನಾಗುವವನಿಗೆ ರಾಗಜ್ಞಾನ ಇರಲೇಬೇಕೆಂದಿಲ್ಲ, ಆದರೆ ಹಾಡುವವರನ್ನು ಮುಂದೆ ಕೂರಿಸಿ ತಾನು ಹಿಂದೆ ಸರಿಯುವ ಬುದ್ಧಿ ಇರಬೇಕು.

ನನ್ನ ಹೆಚ್ಚಿನ ವೇಳೆ ಹೋಗುವುದು ಭೇಟಿಗಳಿಗೆ. ಹೊಲದ ಕೆಲಸ ಮುಗಿದು ಒಲೆಯ ಮೇಲಿನ ರೊಟ್ಟಿ ಇಳಿದ ಮೇಲೆಯೇ ಮನೆಗಳಿಗೆ ಹೋಗಬೇಕು. ಹೆಸರುಕಾಳು ಬಿಡಿಸುವ ದಿನಗಳಲ್ಲಿ ಹೋಗದಿರುವುದೇ ಲೇಸು. ಹೋದಲ್ಲಿ ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಒಂದು ಕೀರ್ತನೆ, ಕೊನೆಗೆ ಚಿಕ್ಕ ಪ್ರಾರ್ಥನೆ ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಮಗನನ್ನು ಕಳೆದುಕೊಂಡ ಹಿರಿಯರೊಬ್ಬರು, “ಅಣ್ಣಾರ, ದೇವರು ನನ್ನ ಮರತಾನೇನ್ರಿ?” ಎಂದು ಕೇಳಿದಾಗ ನಾನು ಯಾವ ವಚನವನ್ನೂ ಎತ್ತಲಿಲ್ಲ. ಅವರು ಮಗನ ಬಾಲ್ಯದ ಸಂಗತಿಗಳನ್ನು ಹೇಳಿ ಮುಗಿಸುವವರೆಗೆ ಕುಳಿತಿದ್ದು, ಬಳಿಕ ಹದಿಮೂರನೆಯ ಕೀರ್ತನೆಯನ್ನು ಓದಿದೆ. ಅದೂ ಅದೇ ಪ್ರಶ್ನೆಯಿಂದ ಆರಂಭವಾಗುತ್ತದೆ. ಉತ್ತರ ಹೇಳುವ ಅವಸರವಿದ್ದವರು ಈ ಕೆಲಸಕ್ಕೆ ಒಗ್ಗುವುದಿಲ್ಲ.

ರೋಗಿಗಳ ಮನೆಯಲ್ಲಿ ನನ್ನದೊಂದು ಗಟ್ಟಿ ನಿಯಮವಿದೆ: ಪ್ರಾರ್ಥನೆಗೆ ಮುಂಚೆ ಮಾತ್ರೆಗಳನ್ನು ತೋರಿಸಲು ಹೇಳುತ್ತೇನೆ. ಕ್ಷಯರೋಗದ ಔಷಧಿಯನ್ನು ಕನಿಷ್ಠ ಆರು ತಿಂಗಳು ತಪ್ಪದೆ ತೆಗೆದುಕೊಳ್ಳಬೇಕು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು, ಅದರಲ್ಲಿಯೂ ಪ್ರಾರ್ಥನೆಯಿಂದಲೇ ನಿಂತಿತೆಂದು ನಂಬಿ ಮಾತ್ರೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದ ರೂಪದಲ್ಲಿ ಮರಳಬಹುದು. ಎಲ್ಲಿಂದಲೋ ಬಂದು ಔಷಧಿ ಬಿಡಿಸುವ ಬೋಧಕರನ್ನು ನಾನು ಸುವಾರ್ತಿಕರೆಂದು ಕರೆಯಲಾರೆ. ಸಾಲದ ಪ್ರಾರ್ಥನೆಗೂ ಹೀಗೆಯೇ. ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ಅಳುವವರ ಮನೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಪಾಸ್‌ಬುಕ್ ತರಿಸಿ, ಅಸಲೆಷ್ಟು ಬಡ್ಡಿಯೆಷ್ಟು ಎಂದು ಬರೆದು ತೋರಿಸುತ್ತೇನೆ. ಆದರೆ ಸಭೆಯವರಿಗೆ ಸಾಲ ಕೊಡುವುದಿಲ್ಲ, ಅವರಿಂದ ಪಡೆಯುವುದೂ ಇಲ್ಲ, ಒಂದು ಮನೆಯ ಸಾಲದ ಸುದ್ದಿಯನ್ನು ಇನ್ನೊಂದು ಮನೆಯ ಪ್ರಾರ್ಥನೆಯಲ್ಲಿ ಹೆಸರು ಹೇಳದೆಯೂ ಎತ್ತುವುದಿಲ್ಲ. ಹಳ್ಳಿಯಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುತ್ತದೆ.

ಅನ್ಯಧರ್ಮದ ನೆರೆಯವರ ನಡುವೆ ನಡೆದುಕೊಳ್ಳುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ನೀಡಿದೆ. 2022ರಲ್ಲಿ ನಮ್ಮ ರಾಜ್ಯದ ಮತಾಂತರ ತಡೆ ಕಾಯಿದೆ ಬಂದ ಮೇಲಂತೂ ಆಮಿಷವೆಂಬ ಮಾತು ಪ್ರತಿಯೊಬ್ಬರ ಬಾಯಲ್ಲಿದೆ. ಕಾನೂನಿನ ಭಯವೊಂದೇ ನನ್ನ ಎಚ್ಚರಿಕೆಗೆ ಕಾರಣವಲ್ಲ. ಕೊಟ್ಟು ಕೊಂಡ ನಂಬಿಕೆ ನಂಬಿಕೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಕೇಳದವರಿಗೆ ನಾನು ಬೋಧಿಸುವುದಿಲ್ಲ. ಕೇಳಿದವರಿಗೆ, ಫಿಲಿಪ್ಪನು ಮಾಡಿದಂತೆ, ಅವರು ಓದುತ್ತಿರುವ ಅಥವಾ ಕೇಳುತ್ತಿರುವ ಮಾತಿನಿಂದಲೇ ಆರಂಭಿಸಿ ನನ್ನ ನಂಬಿಕೆಯನ್ನು ಹೇಳುತ್ತೇನೆ. ಅವರ ದೇವರನ್ನಾಗಲಿ ಮಠವನ್ನಾಗಲಿ ಹಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ಭಾಗದ ಹಳ್ಳಿಗಳು ಮುಳುಗಿದಾಗ ನಮ್ಮ ತಂಡವೂ ದಿನಸಿ ಒಯ್ದಿತು. ಪಂಚಾಯಿತಿಯವರು ಕೊಟ್ಟ ಪಟ್ಟಿಯಂತೆ ಮನೆ ಮನೆಗೆ ಹಂಚಿದೆವು. ಕರಪತ್ರ ಕೊಡಬಾರದು, ಪ್ರಾರ್ಥಿಸೋಣವೇ ಎಂದು ಕೇಳಲೂಬಾರದು ಎಂದು ನಾನು ಹಟ ಹಿಡಿದೆ. ತಂಡದ ಕೆಲವರಿಗೆ ಇದು ಹಿಡಿಸಲಿಲ್ಲ. ಸಾಕ್ಷಿಗೆ ದೊರೆತ ಅವಕಾಶವನ್ನು ಕೈಬಿಟ್ಟೆವೆಂದು ಅವರು ಇಂದಿಗೂ ಹೇಳುತ್ತಾರೆ. ಎಲ್ಲವನ್ನೂ ಕಳೆದುಕೊಂಡು ಕೈಚಾಚಿದವನು ಬೇಡವೆನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಡವೆನ್ನಲಾರದವನಿಗೆ ಸುವಾರ್ತೆ ಹೇಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಕಾಣಿಕೆಯ ಹಣವನ್ನು ನಾನೊಬ್ಬನೇ ಎಣಿಸುವುದಿಲ್ಲ. ಆರಾಧನೆ ಮುಗಿದ ಕೂಡಲೇ ಸಭೆಯ ಇಬ್ಬರು ಎಣಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಸುಗ್ಗಿ ಹಬ್ಬದಲ್ಲಿ ಜನ ತಂದ ಜೋಳ, ಕಡಲೆ, ಕುಂಬಳಕಾಯಿ, ಕೋಳಿಗಳ ಲಿಲಾವು ನಡೆಯುವಾಗ ಕೂಗುವ ಕೆಲಸ ನನ್ನದು, ಹಣ ಹಿಡಿಯುವ ಕೆಲಸ ಬೇರೆಯವರದು. ಮನೆಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಹೆಂಡತಿಗೆ ಇಷ್ಟವಿಲ್ಲದೆ ಯಾರೂ ಈ ಸೇವೆಗೆ ಇಳಿಯಬಾರದು.

ಒಂಟಿ ಹೆಣ್ಣುಮಕ್ಕಳಿರುವ ಮನೆಗಳಿಗೆ ನಾನೊಬ್ಬನೇ ಹೋಗುವುದಿಲ್ಲ. ಮಹಿಳಾ ಅನ್ಯೋನ್ಯ ಕೂಟದ ಸೋದರಿಯರು ಜೊತೆಗಿರುತ್ತಾರೆ. ಗಂಡನ ಕುಡಿತ, ಹೊಡೆತ, ಮಗಳ ಮದುವೆಯ ಚಿಂತೆ ಅವರ ಮುಂದೆ ಬಿಚ್ಚಿಕೊಳ್ಳುವಂತೆ ನನ್ನ ಮುಂದೆ ಬಿಚ್ಚಿಕೊಳ್ಳುವುದಿಲ್ಲ. ಇಷ್ಟಾದರೂ ನಮ್ಮ ಹಳ್ಳಿಗಳಲ್ಲಿ ಪ್ರಸಂಗದ ಪಟ್ಟಿಗೆ ಹೆಣ್ಣುಮಕ್ಕಳ ಹೆಸರು ಸೇರಿಸಲು ಹಿರಿಯರು ಹಿಂದೆಮುಂದೆ ನೋಡುತ್ತಾರೆ. ಸಿ.ಎಸ್.ಐ. ಸಭೆಯಲ್ಲಿ ಮಹಿಳೆಯರು 1976ರಿಂದಲೇ ಗುರುದೀಕ್ಷೆ ಪಡೆಯುತ್ತಿರುವಾಗ ಈ ಹಿಂಜರಿಕೆಗೆ ಆಧಾರವೇ ಇಲ್ಲ. ಈ ವರ್ಷ ನನ್ನ ಪಾಲಿನ ಭಾನುವಾರಗಳಲ್ಲಿ ಒಂದನ್ನು ಭಾನುವಾರದ ಶಾಲೆಯ ಶಿಕ್ಷಕಿಯೊಬ್ಬರಿಗೆ ಬಿಟ್ಟುಕೊಡುವಂತೆ ಸಭಾಪಾಲಕರನ್ನು ಕೇಳಿಕೊಂಡೆ. ಅವರು ಒಪ್ಪಿದ್ದಾರೆ, ಕಮಿಟಿಯ ಒಪ್ಪಿಗೆ ಇನ್ನೂ ಬರಬೇಕಾಗಿದೆ.