ಮರದ ಮನೆ ಕಟ್ಟುವ ಮುನ್ನ ಮರವನ್ನು ತೂಗಿ ನೋಡಿ

ಹೊಸ ಮರದ ಮನೆಯಲ್ಲಿ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎಲ್ಲರೂ ಬೈಯುವುದು ಬಡಗಿಯನ್ನು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ತಪ್ಪು ಬಡಗಿಯದಲ್ಲ, ಮರ ಕೊಂಡವರದ್ದು. ಹಸಿ ಮರ ತಂದು, ಮುಂದಿನ ವಾರವೇ ಕೆಲಸ ಶುರು ಮಾಡಿಸಿ, ವರ್ಷ ಕಳೆಯುವಷ್ಟರಲ್ಲಿ "ಮರವೇ ಬೇಡಾಗಿತ್ತು" ಅನ್ನುವವರು ಎಷ್ಟೋ ಜನ.

ಮರ ಬೇಡ ಅನ್ನಲು ಕಾರಣವೇ ಇಲ್ಲ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆಜಿ ತೂಗುತ್ತದೆ. ಅಷ್ಟೇ ಗಾತ್ರದ ಪೈನ್ ಮರ ಸುಮಾರು 500 ಕೆಜಿ. ಮನೆ ಹಗುರವಾದರೆ ಅಡಿಪಾಯ ಸಣ್ಣದಾದರೂ ನಡೆಯುತ್ತದೆ, ಭೂಕಂಪದಲ್ಲಿ ಬೀಳುವ ಹೊರೆಯೂ ಕಡಿಮೆ. ಶಾಖ ಕಾಂಕ್ರೀಟಿಗಿಂತ ಮರದಲ್ಲಿ ಹತ್ತು ಪಟ್ಟು ನಿಧಾನವಾಗಿ ದಾಟುತ್ತದೆ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಮರ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದು ಅದು, ಮನೆ ನಿಂತಿರುವಷ್ಟು ಕಾಲ ಗೋಡೆಯೊಳಗೇ ಇರುತ್ತದೆ. ಹದಿನೈದು ವರ್ಷಕ್ಕೇ ಕೊಳೆಯಿತೋ, ವಾಪಸ್ ಗಾಳಿಗೆ. ಜಪಾನಿನ ಹೋರ್ಯು-ಜಿ ದೇಗುಲದ ಮರದ ಗೋಪುರ ಸುಮಾರು 1,300 ವರ್ಷಗಳಿಂದ ನಿಂತಿದೆ. ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್ಟೋರ್ನೆಟ್ ಕಟ್ಟಡ 18 ಮಹಡಿ, 85.4 ಮೀಟರ್ ಎತ್ತರ. ಅದರ ಕಂಬ, ತೊಲೆಗಳೆಲ್ಲ ಮರದವು. ಎರಡನ್ನೂ ಕಾಯುತ್ತಿರುವುದು ಒಂದೇ ಲೆಕ್ಕ: ಮರದೊಳಗೆ ನೀರು ನಿಲ್ಲಬಾರದು.

ಹಂತ 1: ನಕ್ಷೆ, ಅನುಮತಿ. ಮರದ ಕಟ್ಟಡ ಗೊತ್ತಿರುವ ಎಂಜಿನಿಯರ್ ಹತ್ತಿರ ಮಾಡಿಸಿ. ಅಷ್ಟೇ.

ಹಂತ 2: ಮರ ಆರಿಸುವುದು. ದಿಮ್ಮಿ ಕೊಯ್ದಾಗ ನಡುವೆ ಗಾಢ ಬಣ್ಣದ ಚೇಗು, ಸುತ್ತ ತಿಳಿ ಬಣ್ಣದ ಬಿಳಿಮರ ಕಾಣುತ್ತದೆ (ಕೆಲವು ಜಾತಿಗಳಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಿರುವುದಿಲ್ಲ). ಬಿಳಿಮರ ಯಾವ ಜಾತಿಯದ್ದಾದರೂ ಹುಳುವಿಗೆ, ಬೂಷ್ಟಿಗೆ ಬೇಗ ಸಿಗುತ್ತದೆ. ತೇಗದ್ದು ಅಂದ ಮಾತ್ರಕ್ಕೆ ಬಿಳಿಮರ ಗಟ್ಟಿಯಾಗುವುದಿಲ್ಲ. ಮಳೆ ಬೀಳುವ ಜಾಗಕ್ಕೆ ಒಳ್ಳೆ ಜಾತಿಯ ಚೇಗು, ಇಲ್ಲವೇ ಒತ್ತಡದಲ್ಲಿ ಔಷಧಿ ತುಂಬಿಸಿದ ಮರ ಹಾಕಿ. ಬ್ರಷ್‌ನಲ್ಲಿ ಬಳಿಯುವ ಔಷಧಿ ಮೇಲ್ಮೈ ದಾಟುವುದು ಕಷ್ಟ. ಬೋರಾನ್ ಔಷಧಿ ಒಳಗಡೆಗೆ ಚೆನ್ನಾಗಿದೆ, ಮಳೆಗೆ ಒಡ್ಡಿದರೆ ತೊಳೆದುಹೋಗುತ್ತದೆ. ಔಷಧಿ ಹಾಕಿದ ಮರದ ತುಂಡುಗಳನ್ನು ಒಲೆಗೆ ಮಾತ್ರ ಹಾಕಬೇಡಿ, ಹೊಗೆ ವಿಷ.

ಹಂತ 3: ಒಣಗಿಸುವುದು. ಜನ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯಲ್ಲಿ. ಮೊದಲು ಹೋಗುವುದು ಪೊಳ್ಳಿನ ನೀರು. ಆಗ ಮರ ಹಗುರವಾಗುತ್ತದೆ, ಕುಗ್ಗುವುದಿಲ್ಲ. ತೇವ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ, ಕುಗ್ಗುವಿಕೆ ಶುರುವಾಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು ಅವುಗಳಿಗೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಲಗೆ ದೋಣಿಯ ಹಾಗೆ ಬಾಗುವುದು ಇದರಿಂದಲೇ. "ಹೆಚ್ಚುಕಡಿಮೆ ಒಣಗಿದೆ" ಅನ್ನುವ ಮರದ್ದೇ ಜಾಸ್ತಿ ಅಪಾಯ, ಯಾಕೆಂದರೆ ಅದು ಕುಗ್ಗುವುದು ಇನ್ನೂ ಬಾಕಿ ಇರುತ್ತದೆ.

"ನಮ್ಮಲ್ಲಿ ಎರಡು ವರ್ಷದಿಂದ ಬಿದ್ದಿದೆ" ಅನ್ನುತ್ತಾರೆ ಮಾರುವವರು. ಹೇಗೆ ಬಿದ್ದಿತ್ತು ಅಂತ ಕೇಳಿ. ತೊಗಟೆ ಸಮೇತ ದಿಮ್ಮಿಯಾಗಿ ಬಿದ್ದ ವರ್ಷಗಳನ್ನು ಒಣಗಿದ ವರ್ಷ ಅಂತ ಎಣಿಸಬೇಡಿ. ಹಲಗೆ ಕೊಯ್ದ ದಿನದಿಂದ ಲೆಕ್ಕ ಹಿಡಿಯಿರಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಅಂದಾಜು. ಜಾತಿ, ಹವೆ ನೋಡಿ ಹಿಂದೆ ಮುಂದೆ ಆಗುತ್ತದೆ.

ಜೋಡಿಸುವ ಕ್ರಮ ಹೀಗೆ. ನೆಲದಿಂದ ಒಂದಡಿ ಮೇಲೆ ಸಮತಟ್ಟಾದ ಆಸರೆ ಕೊಡಿ. ಒಂದು ಸಾಲು ಹಲಗೆ, ಅದರ ಮೇಲೆ ಒಂದಿಂಚು ದಪ್ಪದ ಒಣ ಅಡ್ಡಪಟ್ಟಿಗಳು, ಮತ್ತೆ ಹಲಗೆ. ಪಟ್ಟಿಗಳ ನಡುವೆ ಒಂದೂವರೆಯಿಂದ ಎರಡು ಅಡಿ ಅಂತರವಿರಲಿ. ಕೆಳಗಿನಿಂದ ಮೇಲಿನವರೆಗೂ ಪಟ್ಟಿಗಳು ಒಂದೇ ಗೆರೆಯಲ್ಲಿ ಬರಬೇಕು. ಗೆರೆ ತಪ್ಪಿದರೆ ಹಲಗೆ ಅಲ್ಲೇ ಸೊಟ್ಟಗಾಗುತ್ತದೆ. ಹಲಗೆಯ ಎರಡೂ ತುದಿಗೆ ಮೇಣವನ್ನೋ ದಪ್ಪ ಪೇಂಟನ್ನೋ ಮೊದಲ ದಿನವೇ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಮೇಲೆ ಭಾರ ಹೇರಿ. ಮಳೆ ಬಿಸಿಲಿಗೆ ತಲೆಯ ಮೇಲೆ ಮಾತ್ರ ತಗಡು ಹಾಕಿ, ಬದಿಗಳನ್ನು ಬಿಡಿ. ನನ್ನ ಪರಿಚಯದವರೊಬ್ಬರು ಕಾಳಜಿಯಿಂದ ಇಡೀ ರಾಶಿಗೆ ಪ್ಲಾಸ್ಟಿಕ್ ಸುತ್ತಿದ್ದರು. ಬಿಚ್ಚಿದಾಗ ಹಲಗೆಗಳ ಮೇಲೆಲ್ಲ ಕಪ್ಪು ಬೂಷ್ಟು.

ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ತೂಗಬೇಕು. ಹಲಗೆಯ ತುದಿಯಿಂದ ಒಂದಡಿಯಾದರೂ ಒಳಗೆ ಬಂದು ಒಂದು ತುಂಡು ಕತ್ತರಿಸಿ ತಕ್ಷಣ ತೂಕ ಮಾಡಿ. ಸುಮಾರು 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಮೊದಲು 236 ಗ್ರಾಂ, ಕೊನೆಗೆ 200 ಗ್ರಾಂ ಅಂದುಕೊಳ್ಳಿ. ಹೋದ ನೀರು 36 ಗ್ರಾಂ. ಅದನ್ನು ಒಣ ತೂಕ 200ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವ ಶೇ 18. ಹಸಿ ತೂಕದಿಂದ ಭಾಗಿಸಿ ಸುಮ್ನೆ ಖುಷಿಪಡಬೇಡಿ. ಬೇಗ ಆಗಲಿ ಅಂತ ಮೈಕ್ರೋವೇವ್‌ಗೆ ಇಟ್ಟರೆ ತುಂಡು ಒಳಗೇ ಕರಕಲಾಗುತ್ತದೆ. ಎರಡು ಮೊಳೆಯ ತೇವಾಂಶ ಮೀಟರ್ ಇದ್ದರೆ ಕೆಲಸ ಸಲೀಸು, ಆದರೆ ಗಿಡ್ಡ ಮೊಳೆಯದ್ದು ದಪ್ಪ ಮರದ ಮೇಲ್ಮೈ ತೇವವನ್ನಷ್ಟೇ ಹೇಳುತ್ತದೆ.

ಕಂಬ, ಜಂತೆಗೆ ಶೇ 18ರೊಳಗೆ ಇರಲಿ. ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಬಾಗಿಲಿಗೆ, ನೆಲದ ಹಲಗೆಗೆ ಶೇ 12 ಅಥವಾ ಅದಕ್ಕಿಂತ ಕಡಿಮೆ, ಒಣ ಹವೆಯಿದ್ದರೆ ಇನ್ನೂ ಕಡಿಮೆ. ದಪ್ಪ ತೊಲೆ ನಡುಮಧ್ಯದವರೆಗೆ ಒಣಗಲು ವರ್ಷಗಟ್ಟಲೆ ಬೇಕು. ಹಾಗಾಗಿ ದೊಡ್ಡ ತೊಲೆಗೆ ನಾನು ಒಪ್ಪುವುದು ಗ್ಲೂಲ್ಯಾಮ್ ಒಂದನ್ನೇ. ಒಣಗಿಸಿದ ತೆಳು ಹಲಗೆಗಳನ್ನು ಅಂಟಿಸಿ ಮಾಡಿರುತ್ತಾರೆ.

ಹಂತ 4: ಅಡಿಪಾಯ. ಮರ ಮಣ್ಣಿಗೆ ತಾಗಬಾರದು. ನೆಲದಿಂದ ಕನಿಷ್ಠ 20 ಸೆಂಟಿಮೀಟರ್ ಮೇಲಿರಲಿ, ಕಾಂಕ್ರೀಟಿಗೂ ಮರಕ್ಕೂ ನಡುವೆ ನೀರು ಏರದ ಹಾಳೆ ಹಾಸಿ. ಕಂಬವನ್ನು ಕಾಂಕ್ರೀಟಿನೊಳಗೆ ಹೂತರೆ ಗಟ್ಟಿ ಅನ್ನುವವರಿದ್ದಾರೆ. ಹೂತ ಕಂಬದ ಬುಡದಲ್ಲಿ ನೀರು ನಿಂತು ಕೊಳೆಯುತ್ತದೆ. ಲೋಹದ ಪಾದದ ಮೇಲೆ ನಿಲ್ಲಿಸಿ. ಅಡಿಪಾಯದ ಪಕ್ಕ ಕಣ್ಣಿಗೆ ಕಾಣುವಂತೆ ಖಾಲಿ ಜಾಗ ಬಿಟ್ಟರೆ ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಹತ್ತುವುದು ಬೇಗ ಗೊತ್ತಾಗುತ್ತದೆ.

ಹಂತ 5: ಚೌಕಟ್ಟು ನಿಲ್ಲಿಸುವುದು. ತೂಕ ಕಡಿಮೆ, ಕೊಯ್ದು ಸೇರಿಸುವುದು ಸುಲಭ, ಬೇಗ ಮುಗಿಯುತ್ತದೆ. ಹೊರಗಿನ ಮರಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಸಾದಾ ಕಬ್ಬಿಣದ ಮೊಳೆ ಒಗರಿನ ಮರದಲ್ಲಿ ಕಪ್ಪು ಕಣ್ಣೀರು ಸುರಿಸುತ್ತದೆ.

ಬೆಂಕಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ದಪ್ಪ ತೊಲೆ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್‌ನಂತೆ ಇದ್ದಿಲಾಗುತ್ತದೆ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಅರ್ಧ ಗಂಟೆಗೆ ಪ್ರತಿ ಬದಿಯಲ್ಲಿ ಎರಡು ಸೆಂಟಿಮೀಟರ್ ಹೋಗುತ್ತದೆ ಅಂತ ಲೆಕ್ಕ ಹಾಕಿ ಎಂಜಿನಿಯರ್ ದಪ್ಪ ಹೆಚ್ಚಿಸುತ್ತಾರೆ. ತೆಳು ಚೌಕಟ್ಟಿಗೆ ಈ ಮಾತು ಅನ್ವಯಿಸುವುದಿಲ್ಲ, ಅದಕ್ಕೆ ಜಿಪ್ಸಮ್ ಬೋರ್ಡಿನ ಹೊದಿಕೆ ಬೇಕೇ ಬೇಕು. ಮಹಡಿಯ ಹೆಜ್ಜೆ ಸದ್ದು ಕೆಳಗೆ ಕೇಳುವುದು ಮಾತ್ರ ಮರದ ನಿಜವಾದ ಕೊರತೆ. ಹಲಗೆಯ ಕೆಳಗೆ ಮೆತ್ತೆ ಹಾಕದೆ ಉಳಿಸಲು ಹೋಗಬೇಡಿ.

ಹಂತ 6: ಮಾಡು, ಹೊರಗೋಡೆ. ಸೂರು ಉದ್ದವಾಗಿ ಮುಂದಕ್ಕೆ ಚಾಚಲಿ, ಎಷ್ಟು ಪೇಂಟ್ ಹೊಡೆದರೂ ಅದಕ್ಕೆ ಸಮ ಅಲ್ಲ. ಹೊರ ಹಲಗೆಯ ಹಿಂದೆ ಎರಡು ಸೆಂಟಿಮೀಟರ್ ಗಾಳಿ ಓಡಾಡುವ ಸಂದು ಬಿಡಿ. ಕತ್ತರಿಸಿದ ಪ್ರತಿ ತುದಿಗೂ ಬಣ್ಣ ಕುಡಿಸಿ, ಯಾಕೆಂದರೆ ಮರ ನೀರನ್ನು ಬದಿಗಿಂತ ತುದಿಯಿಂದ ಬಹಳ ಬೇಗ ಹೀರುತ್ತದೆ.

ಹಂತ 7: ಲೇಪ. ಹೊರಗೆ ಹೊಳೆಯುವ ವಾರ್ನಿಷ್ ಬೇಡ, ಬಿಸಿಲಿಗೆ ಸಿಪ್ಪೆ ಏಳುತ್ತದೆ, ಪೂರ್ತಿ ಉಜ್ಜಿ ತೆಗೆಯುವ ಕಷ್ಟ ನಿಮ್ಮದು. ಬಣ್ಣವಿರುವ ಎಣ್ಣೆ ಲೇಪ ಹಾಕಿ, ಮಾಸಿದಾಗ ತೊಳೆದು ಅದರ ಮೇಲೇ ಬಳಿಯಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರವಿ ಒಣಗಿಸಿ.

ಮೊದಲ ಮಳೆಗಾಲ ಕಳೆದ ಮೇಲೆ ಒಂದು ಸುತ್ತು ಹಾಕಿ. ಎಲ್ಲಾದರೂ ಬಣ್ಣ ಉಬ್ಬಿದ್ದರೆ ಇನ್ನೊಂದು ಕೋಟ್ ಹೊಡೆದು ಮುಚ್ಚಬೇಡಿ. ನೀರು ಎಲ್ಲಿಂದ ಬಂತು ಅಂತ ಹುಡುಕಿ, ಸಾಮಾನ್ಯವಾಗಿ ಅದು ಉಬ್ಬಿದ ಜಾಗಕ್ಕಿಂತ ಒಂದೆರಡು ಅಡಿ ಮೇಲೆ ಇರುತ್ತದೆ.